ಅಳತೆ ಪುಸ್ತಕ

ಗುಲ್ನೋರಾಳ ಎದೆ ತೊಂಬತ್ತಾರು, ತೋಳು ಐವತ್ತೆಂಟು,
ಮದುವೆಗೆ, ಹದಿನೈದರೊಳಗೆ ಬೇಕು.
ಅದರ ಕೆಳಗೇ ನಿನ್ನ ಮೀನಖಂಡ:
ಎಡ ಮೂವತ್ನಾಲ್ಕು, ಬಲ ಮೂವತ್ನಾಲ್ಕು.
ದಿನಾ ಬೆಳಿಗ್ಗೆ, ಚಹಾಕ್ಕೆ ಮುಂಚೆ,
ಶಾಯಿಯಲ್ಲಿ ಗುರುತು ಹಾಕಿದ ಅದೇ ಜಾಗದಲ್ಲಿ.

ಜಲಾಲಾಬಾದಿನ ಡಾಕ್ಟರಮ್ಮ ಹೇಳಿ ಕಳಿಸಿದ್ದಳು:
ನೋವು ಬಂದು ತಿಳಿಸುವುದಿಲ್ಲ ಇನ್ನು ಅವನಿಗೆ.
ನೀನು ದರ್ಜಿ ತಾನೆ? ನಿನ್ನ ಟೇಪೇ ತಿಳಿಸಬೇಕು.

ಅಕ್ಟೋಬರಿನಲ್ಲಿ ಅರ್ಸ್ಲಾನ್‌ಬೊಬ್‌ನ ಗಂಡಸರು
ಅಕ್ರೋಟು ಮರ ಹತ್ತಿ ಕೊಂಬೆ ಜಾಡಿಸುತ್ತಾರೆ,
ಕೆಳಗೆ ನಾವು ಬಗ್ಗಿ ಆರಿಸುತ್ತೇವೆ, ಬೆರಳೆಲ್ಲ ಕಪ್ಪು.
ಆಲಿಕಲ್ಲು ಬಿದ್ದಂಥ ಸದ್ದು.
ಆ ಸದ್ದಿನ ನಡುವೆ ಒಂದು ಬೇರೆ ಸದ್ದು.
ತಲೆಯೆತ್ತಿದೆ. ಕೊಂಬೆ ಇನ್ನೂ ತೂಗುತ್ತಿತ್ತು,
ಅದರ ಮೇಲೆ ನೀನಿರಲಿಲ್ಲ.

ಮೂರು ಕೂಸುಗಳನ್ನು ಮಣ್ಣಿಗಿಟ್ಟು ನಿನ್ನಮ್ಮ
ನಾಲ್ಕನೆಯವನಿಗೆ ತೋಖ್ತಾಸಿನ್ ಎಂದು ಹೆಸರಿಟ್ಟಳು.
ನಿಲ್ಲಲಿ ಎಂದರ್ಥ. ಇವನಾದರೂ ನಿಲ್ಲಲಿ.
ನಿಂತೆ ನೀನು, ನಲವತ್ತೊಂದು ವರ್ಷ.
ನಿನ್ನ ನೆತ್ತರಿಗೆ ಮಾತ್ರ ನಾನು ಬೇಡುವುದು ಬೇರೆ:
ನಿಲ್ಲಬೇಡ, ಎಲ್ಲೂ ನಿಲ್ಲಬೇಡ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ ಕೌದಿ ಹೊದಿಸುತ್ತೇನೆ.
ಅಲುಗಿಸಿದಿರೋ ಜೋಕೆ, ಎಂದು ಮಕ್ಕಳಿಗೆ ಗದರುತ್ತೇನೆ.
ಅಲುಗದ್ದು ಗಟ್ಟಿಯಾಗುತ್ತದೆ, ಅಡುಗೆಮನೆಯಲ್ಲಿ ಅದು ಭಾಗ್ಯ.
ಪಕ್ಕದ ಕೋಣೆಯಲ್ಲಿ ಇನ್ನೊಂದು ಕೌದಿಯಡಿ
ಅಲುಗದ ನಿನ್ನ ಎರಡು ಕಾಲು.
ನಡುರಾತ್ರಿ ಎದ್ದು ಹಿಮ್ಮಡಿ ಹಿಡಿದು
ಮಡಿಸುತ್ತೇನೆ, ಚಾಚುತ್ತೇನೆ, ಮಡಿಸುತ್ತೇನೆ.

ಹೊಕ್ಕುಳಿನ ಬದಿಗೆ ಸೂಜಿ, ಇವತ್ತು ಎಡ, ನಾಳೆ ಬಲ.
ಇಪ್ಪತ್ತು ವರ್ಷ ಸೂಜಿ ಹಿಡಿದ ಕೈ ಮೊದಲ ದಿನ ನಡುಗಿತು.
ನನ್ನದು ಕೂಡಿಸುವ ಸೂಜಿ;
ಇದು ಕೂಡಗೊಡದ ಸೂಜಿ.
ಆಮೇಲೆ ಪೆಟ್ಟಿಗೆ ಖಾಲಿ. ಸೋಮವಾರ ಬರುತ್ತದೆ ಎಂದ ಅಂಗಡಿಯವ.
ಹಿಮ ಬಿತ್ತು. ಸೋಮವಾರ ಬಂತು, ಔಷಧಿ ಬರಲಿಲ್ಲ.

ಗುರುವಾರದ ಪುಟ: ಎಡ ಮೂವತ್ತೇಳು.
ಟೇಪಿನ ಮೇಲೇ ಅನುಮಾನಪಟ್ಟು ಬಲಗಾಲಿಗೆ ಸುತ್ತಿದೆ:
ಮೂವತ್ನಾಲ್ಕು.
ಮತ್ತೆ ಎಡ. ಮೂವತ್ತೇಳು.
ನೀನು ರೊಟ್ಟಿ ಮುರಿಯುತ್ತ ಕೇಳಿದೆ, ಏನಾಯ್ತೇ?
ನಿನಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ನಿನ್ನಮ್ಮ ಕುರಿಬಾಲದ ಕೊಬ್ಬು ಬಿಸಿಮಾಡಿ ತಂದಳು.
ಮಂಡಿಯೂರಿ, ಬಿಸ್ಮಿಲ್ಲಾ ಎಂದು ಕೈ ಚಾಚಿದಳು
ಬಾತ ಕಾಲನ್ನು ನೀವಲು.
ಹತ್ತೊಂಬತ್ತು ವರ್ಷ ಅವಳಿಗೆ ಎದುರಾಡದ ನಾನು
ಅವಳ ಮಣಿಕಟ್ಟು ಹಿಡಿದೆ.
ತಿಕ್ಕಬೇಡಿ ಓಯಿ. ತಿಕ್ಕಿದರೆ ಅದು ಕಳಚಿ ಎದೆಗೆ ಹೋಗುತ್ತದೆ.
ಹೆತ್ತ ಕೈ ಕೊಲ್ಲುತ್ತದೇನೇ?
ನನ್ನ ಹತ್ತಿರ ಉತ್ತರವಿರಲಿಲ್ಲ, ಬಿಡಲೂ ಇಲ್ಲ.
ಅವಳ ಬೆರಳ ಸಂದಿಯಲ್ಲಿ ಕೊಬ್ಬು ತಣಿದು
ಬೆಳ್ಳಗೆ ಗಟ್ಟಿಯಾಯಿತು.

ಎರ್ಮತ್‌ನ ಜೀಪು. ಗುಲ್ನೋರಾಳ ಬಟ್ಟೆಯ ಗಂಟಿನ ಮೇಲೆ ನಿನ್ನ ಕಾಲು.
ಪ್ರತಿ ಗುಂಡಿಗೂ ನಿನ್ನ ಉಸಿರು ಎಣಿಸಿದೆ,
ನೀನು ಎರ್ಮತ್‌ನ ಜೊತೆ ಹಂದರ ಕುದುರೆಯ ಬೆಲೆ ಮಾತಾಡುತ್ತಿದ್ದೆ.
ಪರದೆಯ ಮೇಲೆ ನೆತ್ತರು ಹರಿವಲ್ಲಿ ಕೆಂಪು, ನೀಲಿ.
ತೊಡೆಯಲ್ಲಿ ಒಂದು ಕಡೆ ಯಾವ ಬಣ್ಣವೂ ಇಲ್ಲ,
ಅಕ್ರೋಟಿನ ಅರ್ಧ ತಿರುಳಿನಷ್ಟು ಜಾಗ.
ನೀನು ಸುಮ್ಮನಾದೆ.

ಗುಲ್ನೋರಾ ಅಕ್ಕನ ಬಟ್ಟೆಯಲ್ಲೇ ಮದುವೆಯಾದಳಂತೆ.
ಮುಂಗಡ ವಾಪಸು ಕೇಳಲಿಲ್ಲ, ಮಾತೂ ಆಡುವುದಿಲ್ಲ.

ಈಗ ಪುಸ್ತಕ ನಿನ್ನ ಕೈಲಿ.
ನಾನು ಸುತ್ತುತ್ತೇನೆ, ನೀನು ಬರೆಯುತ್ತೀ,
ನಿನ್ನ ಏಳು ಒಂದರ ಹಾಗಿದೆ ಎಂದು ಜಗಳವಾಗುತ್ತದೆ.
ಬಾಗಿಲಲ್ಲಿ ನಿನ್ನಮ್ಮ,
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು,
ಕೇಳುತ್ತಾಳೆ: ಇವತ್ತು ಎಷ್ಟು?